ಡಿಕ್ಕಿಯೊಳಗೆ ಮಲಗಿದ ಮೇಸ್ತ್ರಿ

ನನ್ನ ಕಾರಿನಲ್ಲಿ ಕೂತವರೆಲ್ಲ ಹತ್ತೇ ನಿಮಿಷದಲ್ಲಿ ತೂಕಡಿಸುತ್ತಿದ್ದರು. ಅದಕ್ಕೆ ನನ್ನ ನಯವಾದ ಡ್ರೈವಿಂಗೇ ಕಾರಣ ಅಂತ ಎರಡು ತಿಂಗಳು ಎದೆ ಉಬ್ಬಿಸಿಕೊಂಡು ಓಡಾಡಿದೆ. ಆಫೀಸಿನಲ್ಲಿ ಯಾರೂ ಯಾವುದಕ್ಕೂ ಹೊಗಳದ ಮನುಷ್ಯನಿಗೆ ಇಷ್ಟು ಸಾಕಾಗುತ್ತದೆ. ಆಮೇಲೊಂದು ದಿನ ಅಕ್ಕ ತನ್ನ ಐದು ತಿಂಗಳ ಮಗಳನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಒಂದು ಗಂಟೆ ಬಂದಳು. ಇಳಿದವಳೇ ವಾಂತಿ ಮಾಡಿಕೊಂಡಳು. ಮಗು ಎಷ್ಟು ತಟ್ಟಿದರೂ ಬೇಗ ಕಣ್ಣು ಬಿಡಲಿಲ್ಲ.

"ಕಾರೊಳಗೆ ಹೊಗೆ ವಾಸನೆ ಕಣೋ," ಅಂದಳು. ನಾನು ಅದನ್ನು ಹೊಸ ಸೀಟ್ ಕವರಿನ ವಾಸನೆ ಅಂದುಕೊಂಡಿದ್ದೆ.

ಡಾಕ್ಟರು ಮಗುವನ್ನು ಅರ್ಧ ದಿನ ಇಟ್ಟುಕೊಂಡು ನೋಡಿ, "ಇವಳಿಗೇನೂ ತೊಂದರೆಯಿಲ್ಲ, ಕಾರನ್ನ ತೋರಿಸಿ," ಅಂದರು.

ತೋರಿಸಿದ್ದು ಬಸ್ ಡಿಪೋ ಹಿಂದೆ ಕಾರು ರಿಪೇರಿ ಮಾಡುವ ಮೇಸ್ತ್ರಿಗೆ. ಐವತ್ತೆಂಟರ ಮನುಷ್ಯ, ಕಿವಿಯ ಮೇಲೊಂದು ಪೆನ್ಸಿಲ್. ಅವರಿಗೆ ವಾಸನೆಯೇ ತಿಳಿಯುವುದಿಲ್ಲ. ಹರೆಯದಲ್ಲಿ ಹನ್ನೊಂದು ವರ್ಷ ಕಿಟಕಿಯಿಲ್ಲದ ಶೆಡ್ಡಿನಲ್ಲಿ ಕಾರುಗಳಿಗೆ ಪೇಂಟ್ ಹೊಡೆದು ಮೂಗು ಸತ್ತುಹೋಗಿದೆ. ಹಾಲು ಕೆಟ್ಟಿದೆಯೋ ಇಲ್ಲವೋ ಅಂತ ಹೆಂಡತಿಯೇ ಹೇಳಬೇಕು. ಈಗಿನ ಅವರ ಸ್ವಂತ ಶೆಡ್ಡಿಗೆ ಬಾಗಿಲಿಲ್ಲ. ಇದ್ದ ಎರಡನ್ನೂ ಕಿತ್ತು ಕೆಲಸದ ಮೇಜು ಮಾಡಿಕೊಂಡಿದ್ದಾರೆ.

"ವಾಸನೆ ಹುಡುಕೋಕೆ ಒಳ್ಳೇ ಆಸಾಮಿನ ಹಿಡಿದಿದ್ದೀಯ," ಅಂತ ಅಕ್ಕ ಪಿಸುಗುಟ್ಟಿದಳು. ಮೇಸ್ತ್ರಿಯ ಕಿವಿ ಚೆನ್ನಾಗಿಯೇ ಇತ್ತು.

"ವಾಸನೆ ಬಂದ್ರೆ ಪುಣ್ಯ ಅನ್ಕೊಳ್ಳಿ ತಾಯಿ. ಜೀವ ತೆಗೆಯೋ ಗಾಳಿಗೆ ವಾಸನೆನೇ ಇರಲ್ಲ. ತಲೆನೋವು ಯಾರಿಗೆ ಜಾಸ್ತಿ? ಮುಂದೆ ಕೂತೋರಿಗಾ, ಹಿಂದೆ ಕೂತೋರಿಗಾ?"

"ಹಿಂದೆ."

"ಮಗು ಎಲ್ಲಿರುತ್ತೆ?"

"ಹಿಂದೆ."

ಅವರು ಕೀಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ನಾನು ಬಾನೆಟ್ ಎತ್ತಿ ಹಿಡಿದುಕೊಂಡು ಕಾಯುತ್ತಿದ್ದೆ. ಅವರು ಅತ್ತ ನೋಡಲೂ ಇಲ್ಲ. ಎಂಜಿನ್ ತಣ್ಣಗಾಗಲು ಬಿಟ್ಟು, ಡಿಕ್ಕಿಯ ಮ್ಯಾಟ್ ಕಿತ್ತೆಸೆದು, ಒಳಗೆ ಮಂಡಿ ಮಡಚಿ ಮಲಗಿ, "ಮುಚ್ಚಿ" ಅಂದರು. ಮುಚ್ಚಿದೆ. ಕಾರಿನಡಿ ತೆವಳಿಕೊಂಡು ಟಾರ್ಚ್ ಬಿಡುವುದು ನನ್ನ ಪಾಲಿನ ಕೆಲಸ. ಬೆಳಕು ನುಗ್ಗುವ ಕಡೆಯಿಂದಲೇ ಹೊಗೆಯೂ ನುಗ್ಗುತ್ತದೆ ಅನ್ನುವುದು ಅವರ ಲೆಕ್ಕ.

ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಡಿಕ್ಕಿಯೊಳಗಿನ ಕೂಗು ಕೇಳಿ ನಿಂತರು. "ಅವರಾಗೇ ಹೋಗಿ ಮಲಗಿದ್ದು," ಅಂತ ಅಕ್ಕ ವಿವರಿಸಿದಳು. ಅವರು ನಂಬಿದಂತೆ ಕಾಣಲಿಲ್ಲ.

"ಎಡಕ್ಕೆ... ಇನ್ನೂ... ಹಾಂ, ಅಲ್ಲೇ!"

ಡಿಕ್ಕಿಯ ತಳದ ತೂತಿನಿಂದ ಪೆನ್ಸಿಲ್ ಇಣುಕಿತು. ಅದರ ನೇರ ಕೆಳಗೆ ಸೈಲೆನ್ಸರ್ ಪೈಪಿನ ಜಾಯಿಂಟ್. ಮೇಸ್ತ್ರಿ ಹೊರಬಂದು ಅದಕ್ಕೆ ಸೋಪಿನ ನೀರು ಬಳಿದು ತಾವೇ ಎಂಜಿನ್ ಶುರು ಮಾಡಿದಾಗ ಬುಳುಬುಳು ಗುಳ್ಳೆ ಎದ್ದವು. ಪೈಪು ಬಿರುಕು ಬಿಟ್ಟಿದ್ದು ವಯಸ್ಸಾಗಿ. ಡಿಕ್ಕಿಯ ತೂತಿಗೆ ಅಷ್ಟೇನೂ ವಯಸ್ಸಾಗಿರಲಿಲ್ಲ.

"ಇದನ್ನ ಕೊರೆದ ಮಹಾನುಭಾವ ಯಾರು?"

"ಹಳೇ ಓನರ್ ಇರಬೇಕು," ಅಂದೆ.

"ಹಳೇ ಓನರೂ ನೀನೇ, ಹೊಸ ಓನರೂ ನೀನೇ," ಅಂದಳು ಅಕ್ಕ. "ದೊಡ್ಡ ಸ್ಪೀಕರ್ ಹಾಕ್ತೀನಿ ಅಂತ ಡ್ರಿಲ್ಲಿಂಗ್ ಮಷಿನ್ ತಂದಿದ್ದು ಯಾರೋ?"

ಮೇಸ್ತ್ರಿ ಜಾಯಿಂಟ್ ಬೆಸೆದರು, ತೂತಿಗೆ ತಗಡು ಹೊಡೆದರು, ಮತ್ತೆ ಡಿಕ್ಕಿಯಲ್ಲಿ ಮಲಗಿದರು. ನಾನು ಮತ್ತೆ ತೆವಳಿದೆ. ಒಳಗಿಂದ "ಕತ್ತಲೆ" ಅಂತ ಎರಡು ಸಲ ಹೇಳಿದ ಮೇಲೆಯೇ ಕೀ ನನ್ನ ಕೈಗೆ ವಾಪಸ್ ಬಂತು.

ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಾರು ಹತ್ತದೆ ನಿಂತಿದ್ದಳು. ಅವಳಿಗೆ ಧೈರ್ಯ ಬರಲಿ ಅಂತ, ನಿಜ ಹೇಳಬೇಕೆಂದರೆ ನನಗೇ ಧೈರ್ಯ ಬರಲಿ ಅಂತ, ಕೇಳಿದೆ:

"ಹಾಗೇ ಓಡಿಸ್ತಿದ್ರೂ ಮಗುಗೆ ಏನೂ ಆಗ್ತಿರಲಿಲ್ಲ ಅಲ್ವಾ ಮೇಸ್ತ್ರಿ?"

ಅವರು ಬಟ್ಟೆಗೆ ಕೈ ಒರೆಸಿಕೊಂಡರು.

"ಸಾಯ್ತಿತ್ತು," ಅಂದರು.