ಹಸಿರು ಹಲಗೆಯ ಬೆನ್ನು

ಸೂಜಿಯಕ್ಕ ಯಾವ ಬಟ್ಟೆ ಕೈಗೆ ಬಂದರೂ ಮೊದಲು ಅದರ ಮುಖ ನೋಡುವವಳಲ್ಲ. ತಿರುವಿ ಬೆನ್ನು ನೋಡುವವಳು. ಮುಂದೆ ಎಷ್ಟೇ ಚೆಂದದ ಹೂ ಬಳ್ಳಿ ಇರಲಿ, ಹಿಂದೆ ದಾರ ಸಿಕ್ಕುಗಟ್ಟಿ ಗಂಟು ನೇತಾಡುತ್ತಿದ್ದರೆ, “ಇದು ಹೊಲಿದದ್ದಲ್ಲ, ತೇಪೆ ಹಾಕಿದ್ದು” ಎಂದು ಮಡಚಿ ವಾಪಸು ಕೊಟ್ಟುಬಿಡುತ್ತಾಳೆ. ಕಣ್ಣಿನಿಂದ ನೋಡಿ ಮುಗಿದ ಮೇಲೆ ಬೆರಳಿನಿಂದ ಇನ್ನೊಮ್ಮೆ ನೋಡುತ್ತಾಳೆ. ಬೆರಳಿಗೆ ತಗುಲಿದ ತಪ್ಪು ಕಣ್ಣಿಗೆ ಬೀಳದಿದ್ದರೂ ತಪ್ಪೇ.

ಅವಳಿಗೆ ಈ ಹೆಸರು ಬಂದದ್ದು ಮದುವೆಯಾಗಿ ಬಂದ ಹೊಸದರಲ್ಲಿ. ಗಂಡ ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ಮನೆಯ ಮುಂದಿನ ಕೋಣೆಯಲ್ಲಿ ಗಂಡನ ತಂಗಿ ಬಟ್ಟೆ ಹೊಲಿಯುತ್ತಿದ್ದಳು. ಈ ನಾದಿನಿ ಬಟ್ಟೆ ಕತ್ತರಿಸುವುದರಲ್ಲಿ ಎತ್ತಿದ ಕೈ. ನಾಲಿಗೆ ಮಾತ್ರ ಕತ್ತರಿಗಿಂತ ಒಂದು ತೂಕ ಹೆಚ್ಚೇ ಹರಿತ. ಅತ್ತಿಗೆ ತುಟಿಯಲ್ಲಿ ಸೂಜಿ ಕಚ್ಚಿಕೊಂಡು, ಬಾಯಿಬಿಡದೆ ಮೂಲೆಯಲ್ಲಿ ಕೂತು ರವಿಕೆಯ ತೋಳಿಗೆ ಕಸೂತಿ ಹಾಕುವುದನ್ನು ನೋಡಿ, “ಇವರ ಬಾಯಲ್ಲೂ ಸೂಜಿ, ಕೈಲೂ ಸೂಜಿ” ಎಂದು ಅವಳೇ ಹೆಸರಿಟ್ಟಳು. ಅದು ಬೀದಿಯವರಿಗೂ ಅಂಟಿಕೊಂಡಿತು. ಅತ್ತಿಗೆಯ ಸೂಜಿ, ನಾದಿನಿಯ ಕತ್ತರಿ, ಎರಡೂ ಸೇರಿ ಅಂಗಡಿ ನಡೆಯಿತು.

ಆಮೇಲೆ ಸೂಜಿಯಕ್ಕನ ಕಣ್ಣಿಗೆ ಮಂಜು ಕವಿಯಿತು. ದೂರದ್ದು ಕಾಣುತ್ತಿತ್ತು, ದೊಡ್ಡದು ಕಾಣುತ್ತಿತ್ತು; ಸಣ್ಣ ಹೊಲಿಗೆ ಹಾಕಲು ಕೂತರೆ ಸ್ವಲ್ಪ ಹೊತ್ತಿಗೇ ಕಣ್ಣು ಕಟ್ಟಿ ನೀರಾಡುತ್ತಿತ್ತು. ಕೈಗೆ ಗೊತ್ತಿದ್ದ ವಿದ್ಯೆ ಕೈಯಲ್ಲೇ ಉಳಿದು ಕೊಳೆಯುತ್ತದಲ್ಲ ಎಂದು ಅವಳು ಒಳಗೊಳಗೇ ಕೊರಗುತ್ತಿದ್ದಾಗ, ಮುಚ್ಚಿಹೋದ ಒಂದು ಗಾರ್ಮೆಂಟ್ ಕಾರ್ಖಾನೆಯಿಂದ ಹಳೆಯ ಕಸೂತಿ ಮೆಷಿನ್ನು ಮನೆಗೆ ಬಂತು. ಜೊತೆಗೊಂದು ಕಂಪ್ಯೂಟರು. ಪರದೆಯ ಮೇಲೆ ಅವಳು ಹೂವನ್ನೋ ಹಕ್ಕಿಯನ್ನೋ ದೊಡ್ಡದಾಗಿ ಬರೆದರೆ, ಮೆಷಿನ್ನು ಅದನ್ನು ಹೆಬ್ಬೆರಳಿನಷ್ಟು ಚಿಕ್ಕದಾಗಿ ಬಟ್ಟೆಯ ಮೇಲೆ ಹೊಲಿದು ಕೊಡುತ್ತಿತ್ತು. ಹೋದ ಕಣ್ಣು ತಿರುಗಿ ಬಂದ ಹಾಗಾಯಿತು.

ಒಂದು ದಿನ ಹಕ್ಕಿಯೊಂದರ ರೆಕ್ಕೆ ಅರ್ಧ ಮುಗಿದಿದ್ದಾಗ ಪರದೆ ಕಪ್ಪಾಯಿತು. ಮೆಷಿನ್ನಿನ ಸೂಜಿ ಮೇಲೆತ್ತಿದ್ದು ಹಾಗೇ ನಿಂತಿತು. ಏನು ಒತ್ತಿದರೂ ಕಂಪ್ಯೂಟರು ಉಸಿರೆತ್ತಲಿಲ್ಲ.

ಸೂಜಿಯಕ್ಕನ ಸೋದರಮಾವನಿಗೆ ಹೇಳಿ ಕಳಿಸಿದರು. ಅವನನ್ನು ಎಲ್ಲರೂ ಕರೆಯುವುದು ರೇಡಿಯೋ ಮಾವ ಎಂದೇ. ಹರೆಯದಲ್ಲಿ ರೇಡಿಯೋ, ನಡುವಯಸ್ಸಿನಲ್ಲಿ ಟೀವಿ, ಆಮೇಲೆ ಕಂಪ್ಯೂಟರು, ಹೀಗೆ ಬಿಚ್ಚುತ್ತ ಮುಚ್ಚುತ್ತ ಮುದುಕನಾದವನು. ಅವನು ಕಂಪ್ಯೂಟರಿನ ಡಬ್ಬದ ಪಕ್ಕದ ತಗಡು ತೆಗೆಸಿ ಟಾರ್ಚು ಬಿಟ್ಟು ನೋಡಿದ.

“ನೋಡು ಇಲ್ಲಿ, ಈ ಪುಟ್ಟ ಪುಟ್ಟ ಡಬ್ಬಿಗಳ ತಲೆ ಉಬ್ಬಿದೆಯಲ್ಲ, ಹಾಲು ಉಕ್ಕೋಕೆ ಬಂದ ಹಾಗೆ? ಇವು ಕೂತಿರೋ ಈ ಹಲಗೆ ಇದೆಯಲ್ಲ, ಇದೇ ಮದರ್‌ಬೋರ್ಡು. ಇದು ಹೋಯ್ತು ಅಂದ್ರೆ ಮನೆ ಯಜಮಾನಿ ಹೋದ ಹಾಗೆ. ಉಳಿದೋರೆಲ್ಲ ಇರ್ತಾರೆ, ಯಾರ ಮಾತೂ ಯಾರಿಗೂ ಮುಟ್ಟಲ್ಲ.”

“ಹೊಸ ಕಂಪ್ಯೂಟರ್ ತಂದ್ರೆ ಆಗಲ್ವಾ ಮಾವ?” ಎಂದಳು ನಾದಿನಿ.

“ಈ ಮೆಷಿನ್ನಿನ ವೈರು ನೋಡಮ್ಮ, ಎಷ್ಟು ಅಗಲ ಬಾಯಿ! ಇದಕ್ಕೆ ಕೂರೋ ಜಾಗವೇ ಈಗಿನ ಕಂಪ್ಯೂಟರುಗಳಲ್ಲಿಲ್ಲ. ನನ್ನ ಟ್ರಂಕಿನಲ್ಲಿ ಆ ಕಾಲದ ಹಲಗೆ ಒಂದು ಉಳಿದಿದೆ. ಆದ್ರೆ...” ಎಂದು ಮಾವ ಎರಡು ಕೈಯನ್ನೂ ಮುಂದೆ ಚಾಚಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. “ಟೀ ಕುಡಿದ್ರೆ ಅರ್ಧ ನನಗೆ, ಅರ್ಧ ಅಂಗಿಗೆ. ಇನ್ನು ಇದನ್ನ ಹೇಗೆ ಕೂರಿಸ್ಲಿ?”

ನಾದಿನಿ ಸುಮ್ಮನಿರಲಿಲ್ಲ. “ಹಾಗಾದ್ರೆ ಆಸೆ ಬಿಡಿ ಅತ್ತಿಗೆ. ನಾಳೆ ಸಾಯಂಕಾಲ ಗುಜರಿಯವನಿಗೆ ಬರೋಕೆ ಹೇಳ್ತೀನಿ. ಅಷ್ಟರೊಳಗೆ ಓಡಿದ್ರೆ ನಿಮ್ಮದು, ಇಲ್ದಿದ್ರೆ ಅವನದು. ಅರ್ಧ ಕೋಣೆ ನುಂಗಿ ಕೂತಿದೆ ಮಹರಾಯ, ಅಲ್ಲಿ ಇನ್ನೊಂದು ಹೊಲಿಗೆ ಮೆಷಿನ್ ಇಟ್ರೆ ಪ್ಯಾಂಟಾದ್ರೂ ಹೊಲೀಬಹುದು.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೆಷಿನ್ನು ಹೋದರೆ ತಾನು ಇನ್ನು ಗುಂಡಿ ಹಚ್ಚಿಕೊಂಡು ಇರಬೇಕಾದವಳೇ ಎಂದು ಸೂಜಿಯಕ್ಕನಿಗೆ ಗೊತ್ತಿತ್ತು. ಅವಳು ಚೌಕಟ್ಟಿನಲ್ಲಿ ಬಿಗಿದು ನಿಂತಿದ್ದ ಅರ್ಧ ಹಕ್ಕಿಯನ್ನು ನೋಡಿದಳು.

“ಮಾವ, ನಿಮ್ಮ ಬಾಯಿ, ನನ್ನ ಕೈ. ಆಗುತ್ತಾ?”

ಮಾವ ಅವಳ ಬೆರಳುಗಳನ್ನು ನೋಡಿದ. “ಆಗದೆ ಏನು. ಹತ್ತಿ ಬಟ್ಟೆ ಹಾಕ್ಕೊಂಡಿರು. ನೈಲಾನು, ರೇಷ್ಮೆ, ಉಣ್ಣೆ ಏನೂ ಬೇಡ. ಉಜ್ಜಿದ್ರೆ ಅದರಲ್ಲಿ ಕಣ್ಣಿಗೆ ಕಾಣದ ಕಿಡಿ ಹುಟ್ಟುತ್ತೆ. ಅಷ್ಟು ಸಾಕು, ಹಲಗೆ ಸತ್ತುಹೋಗುತ್ತೆ.”

ಮಾರನೆಯ ದಿನ ಊಟ ಮುಗಿಸಿ, ಕತ್ತರಿಸುವ ಮೇಜನ್ನು ಒರೆಸಿ ಕಿಟಕಿಯ ಹತ್ತಿರ ಎಳೆದುಕೊಂಡರು. ಪ್ಲಗ್ಗು ಕಿತ್ತು ಬದಿಗಿಟ್ಟಾಯಿತು. ಮಾವ ಹೇಳಿದ ಹಾಗೆ ಸೂಜಿಯಕ್ಕ ಡಬ್ಬದ ತಗಡನ್ನು ಮುಟ್ಟಿ, ಅವನು ತಂದ ಹೊಳೆಯುವ ಬೂದು ಚೀಲದಿಂದ ಹಲಗೆಯನ್ನು ಅಂಚು ಹಿಡಿದು ಹೊರಗೆಳೆದಳು. ಭೂತಗನ್ನಡಿ ಹಿಡಿದು ಬಗ್ಗಿದವಳು ಏಳಲೇ ಇಲ್ಲ.

ಹಸಿರು ನೆಲದ ಮೇಲೆ ಕೂದಲೆಳೆಯಂಥ ಗೆರೆಗಳು. ಗುಂಪು ಗುಂಪಾಗಿ ಹೊರಟು, ಮೂಲೆ ಬಂದಲ್ಲಿ ಎಲ್ಲವೂ ಒಟ್ಟಿಗೇ ತಿರುಗಿ, ಒಂದರ ಮೈ ಒಂದಕ್ಕೆ ತಾಗದೆ, ದೂರದ ಒಂದೊಂದು ಚುಕ್ಕಿಗೆ ಹೋಗಿ ಸೇರುತ್ತಿದ್ದವು. ಕೆಲವು ನೇರ ಹೋಗದೆ ಬೇಕೆಂದೇ ಹಾವಿನ ಹಾಗೆ ಬಳುಕಿ ಹೋಗಿದ್ದವು.

“ಇವು ಯಾಕೆ ಸುತ್ತು ಹಾಕಿವೆ ಮಾವ? ಹತ್ತಿರದ ದಾರಿ ಇದೆಯಲ್ಲ?”

“ಹತ್ತಿರದವನು ಬೇಗ ತಲುಪಿ, ದೂರದವನು ತಡವಾದ್ರೆ ಮಾತು ಕಲಸಿಹೋಗುತ್ತೆ. ಅದಕ್ಕೇ ಹತ್ತಿರದವನಿಗೆ ಸುತ್ತು ದಾರಿ. ಎಲ್ಲರೂ ಒಂದೇ ಗಳಿಗೆಗೆ ಬಾಗಿಲು ತಟ್ಟಬೇಕು.”

ಸೂಜಿಯಕ್ಕ ಇನ್ನೂ ಹತ್ತಿರಕ್ಕೆ ಬಗ್ಗಿದಳು. “ಯಾರು ಮಾವ ಇದನ್ನ ಬರೆದೋರು?”

“ಯಾರೋ. ಎಲ್ಲೋ. ಇನ್ನೂ ಕೇಳು, ನಿನಗೆ ಕಾಣೋದು ಮೇಲಿನದು, ಕೆಳಗಿನದು ಅಷ್ಟೇ. ಹೊಟ್ಟೆಯೊಳಗೂ ಪದರ ಇದೆ. ಅಲ್ಲೂ ಗೆರೆ ಇದೆ.”

ಯಾರ ಕಣ್ಣಿಗೂ ಬೀಳದ ಒಳಪದರವನ್ನೂ ಇಷ್ಟೇ ನೀಟಾಗಿ ಮಾಡಿದವರು ಇದ್ದಾರೆ! ಅವಳು ಕನ್ನಡಿ ಕೆಳಗಿಟ್ಟು, ಒಂದು ಗಳಿಗೆ ಕೈ ಮಡಿಲಲ್ಲಿಟ್ಟುಕೊಂಡು ಕೂತಳು.

“ಅತ್ತಿಗೆ, ದೃಷ್ಟಿ ತಾಗೀತು, ಕೆಲಸ ನೋಡಿ” ಎಂದಳು ನಾದಿನಿ, ಪ್ಯಾಂಟಿನ ಅಂಚು ಮಡಚುತ್ತ.

ಹಳೆಯ ಹಲಗೆ ಬಿಚ್ಚಿ ಹೊರಗೆ ಬಂತು. ಅದರ ಮೇಲಿದ್ದ ಪ್ರೊಸೆಸರು ಹೊಸದಕ್ಕೆ ಆಗುವುದಿಲ್ಲವಂತೆ. ಮಾವ ಈ ಹಲಗೆಯದ್ದನ್ನೇ ಪುಟ್ಟ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡಿದ್ದ. ಎರಡು ಬೆರಳಗಲದ ಚೌಕ ಬಿಲ್ಲೆ, ಹೊಟ್ಟೆಯಡಿಯಲ್ಲಿ ಸೂಜಿಮೊನೆಯಂಥ ಚಿನ್ನದ ಕಾಲುಗಳು ಒತ್ತಾಗಿ ನಿಂತಿದ್ದವು.

“ಪಕ್ಕದ ಸನ್ನೆಕಡ್ಡಿ ಎತ್ತು. ಚಿನ್ನದ ಗುರುತಿರೋ ಮೂಲೆಯನ್ನ ಹಲಗೆಯ ಗುರುತಿನ ಮೂಲೆಗೆ ಹೊಂದಿಸು. ಒತ್ತಬೇಡ! ಮೇಲಿಟ್ಟು ಬಿಡು.”

ಅವಳು ಬಿಟ್ಟಳು. ಅಷ್ಟೂ ಕಾಲು ಅಷ್ಟೂ ತೂತಿಗೆ ತಾವಾಗಿಯೇ ಇಳಿದು, ಬಿಲ್ಲೆ ಒಂದು ಎಳೆಯಷ್ಟೂ ಸೊಟ್ಟಗಾಗದೆ ಕೂತಿತು. ಸನ್ನೆಕಡ್ಡಿ ಇಳಿಸಿದಳು. ಅದರ ಮೇಲೆ ಮೆಣಸಿನ ಕಾಳಿನಷ್ಟು ಬಿಳಿ ಪೇಸ್ಟು, ಅದರ ಮೇಲೆ ತಣ್ಣಗಿಡುವ ಫ್ಯಾನು. ಪೇಸ್ಟು ನೋಡಿ ನಾದಿನಿ, “ಇದಕ್ಕೂ ಸ್ನೋ ಪೌಡರಾ!” ಎಂದಳು. ಆಮೇಲೆ ರ‍್ಯಾಮು, ಎರಡು ಕಡೆಯ ಕೊಂಡಿ ಟಕ್ಕೆಂದು ತಾವೇ ಮುಚ್ಚಿಕೊಳ್ಳುವ ತನಕ ಸಮವಾಗಿ ಅದುಮಿದಳು.

ಹಲಗೆ ಡಬ್ಬದ ತಗಡಿಗೆ ತಾಗದ ಹಾಗೆ ಅದರ ಕೆಳಗೆ ಹಿತ್ತಾಳೆಯ ಪುಟ್ಟ ಕಾಲುಗಳಿರುತ್ತವೆ. ಹೊಸ ಹಲಗೆ ಹಳೆಯದಕ್ಕಿಂತ ಚಿಕ್ಕದು, ಅದರ ತೂತುಗಳ ಜಾಗವೇ ಬೇರೆ. ಮಾವ ಒಂದೊಂದನ್ನೂ ಬೆರಳು ತೋರಿಸಿ ಬೇಕಾದ ಕಡೆ ಬಿಗಿಸಿದ, ಬೇಡದ್ದನ್ನು ಬಿಚ್ಚಿಸಿದ. ಮುಗಿದ ಮೇಲೆ, “ಇನ್ನು ಹಲಗೆ ಕೂರಿಸಿ ಸ್ಕ್ರೂ ಹಾಕು, ನಾನು ಟೀ ಕುಡಿದು ಬರ್ತೀನಿ, ಅಂಗಿಗೂ ಬಾಯಾರಿದೆ” ಎಂದು ಒಳಗೆ ಹೋದ.

ಸೂಜಿಯಕ್ಕ ಹಲಗೆ ಎತ್ತಿಕೊಂಡವಳು ಡಬ್ಬದೊಳಗೆ ನೋಡಿದಳು. ನಟ್ಟನಡುವೆ ಒಂದು ತೂತು ಖಾಲಿ. ಬಿಚ್ಚಿದ ಹಿತ್ತಾಳೆಯ ಕಾಲೊಂದು ಮೇಜಿನ ಮೇಲೆ ಮಿಣಮಿಣ ಎನ್ನುತ್ತಿತ್ತು. ಕಾಜ ಇರುವ ಕಡೆ ಗುಂಡಿ ಇಲ್ಲದ ಅಂಗಿ ಅವಳ ಕೈಯಿಂದ ಈವರೆಗೆ ಹೊರಗೆ ಹೋದದ್ದಿಲ್ಲ. ನಡುವೆ ಊರುಗೋಲಿದ್ದರೆ ಹಲಗೆಗೂ ಭದ್ರವಲ್ಲವೇ ಎಂದುಕೊಂಡು ಅದನ್ನು ಅಲ್ಲಿ ತಿರುಗಿಸಿ ಬಿಗಿದಳು. ಮೇಲೆ ಹಲಗೆ ಇಟ್ಟು ಸ್ಕ್ರೂ ಹಾಕಿದಳು. ಹೇಳಬೇಕಾದ ವಿಷಯ ಎಂದು ಅವಳಿಗೆ ಅನ್ನಿಸಲೂ ಇಲ್ಲ.

ವೈರುಗಳೆಲ್ಲ ಸೇರಿದವು. ಅಷ್ಟು ಹೊತ್ತಿಗೆ ಗುಜರಿಯವನು ತಕ್ಕಡಿ ಹೆಗಲ ಮೇಲಿಟ್ಟುಕೊಂಡು ಬಂದು ಹೊಸ್ತಿಲಲ್ಲಿ ಕೂತ. ಪ್ಲಗ್ಗು ಹಾಕಿ, ಮಾವನ ಸನ್ನೆಗೆ ಸೂಜಿಯಕ್ಕ ಗುಂಡಿ ಒತ್ತಿದಳು. ಫ್ಯಾನು ಒಂದು ಸಲ ಮಿಸುಕಿ ನಿಂತಿತು. ಮತ್ತೆ ಒತ್ತಿದರೂ ಅಷ್ಟೇ. ರ‍್ಯಾಮು ತೆಗೆದು ಹಾಕಿದರು, ವೈರು ಬಿಚ್ಚಿ ಸೇರಿಸಿದರು. ಮಿಸುಕುವುದು, ನಿಲ್ಲುವುದು.

ಮಾವನ ಮುಖ ಇಳಿದುಹೋಯಿತು. “ಟ್ರಂಕಿನಲ್ಲಿ ಇಟ್ಟೂ ಇಟ್ಟೂ ನಾನೇ ಕೆಡಿಸಿಬಿಟ್ಟೆ ಕಣಮ್ಮ. ಹಲಗೆ ಹೋಗಿದೆ.”

“ತೂಗಲಾ ಅಕ್ಕ?” ಎಂದ ಗುಜರಿಯವನು. ನಾದಿನಿ ಈ ಸಲ ಅತ್ತಿಗೆಯ ಮುಖ ನೋಡಿ, “ತಡಿ ಸ್ವಲ್ಪ, ಏನು ರೈಲು ಹಿಡೀಬೇಕಾ ನಿಂಗೆ?” ಎಂದು ಅವನನ್ನೇ ಗದರಿದಳು.

ಸೂಜಿಯಕ್ಕ ಪ್ಲಗ್ಗು ಕಿತ್ತಳು. ಸ್ಕ್ರೂ ಬಿಚ್ಚಿ ಹಲಗೆಯನ್ನು ಹೊರಗೆ ತೆಗೆದಳು. ಕೆಟ್ಟ ಬಟ್ಟೆ ಕೈಗೆ ಬಂದರೆ ಮಾಡುವುದನ್ನೇ ಮಾಡಿದಳು: ತಿರುವಿ ಬೆನ್ನು ನೋಡಿದಳು.

ಬೆನ್ನಿನ ಮೇಲೆ ಬೆಸುಗೆಯ ಚುಕ್ಕಿಗಳು, ಬೆಳ್ಳಿಯ ಗಂಟು ಹಾಕಿ ದಾರ ಕತ್ತರಿಸಿದ ಹಾಗೆ, ಒಂದಕ್ಕಿಂತ ಒಂದು ದೊಡ್ಡದಿಲ್ಲ, ಒಂದಕ್ಕಿಂತ ಒಂದು ಚಿಕ್ಕದಿಲ್ಲ. ಇಂಥ ಬೆನ್ನನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಇಷ್ಟು ಶುದ್ಧವಾದ ಬೆನ್ನಿರುವ ವಸ್ತು ಸುಮ್ಮನೆ ಕೆಟ್ಟೀತೇ? ಅಂಚು ಹಿಡಿದು, ತೋರುಬೆರಳನ್ನು ತೇಲಿಸಿದ ಹಾಗೆ ಮೆಲ್ಲಗೆ ಸವರಿದಳು. ನಡುವೆ ಒಂದು ಕಡೆ ಬೆರಳು ತಡೆಯಿತು. ಕನ್ನಡಿ ಹಿಡಿದರೆ, ಬೆಳ್ಳಿಯ ಗಂಟುಗಳ ಮೇಲೆ ಹಿತ್ತಾಳೆ ಒತ್ತಿದ ಉಂಗುರದ ಗುರುತು. ಡಬ್ಬದೊಳಗೆ ನೋಡಿದಳು. ನೇರ ಅದರ ಕೆಳಗೆ, ಅವಳೇ ಬಿಗಿದ ಕಾಲು.

“ಮಾವ,” ಎಂದಳು ಸಣ್ಣ ದನಿಯಲ್ಲಿ, “ತೂತು ಖಾಲಿ ಇತ್ತು ಅಂತ ನಾನೇ ಇದೊಂದನ್ನ ಹಾಕಿದೆ.”

ಮಾವ ಕಣ್ಣರಳಿಸಿ ನೋಡಿದ. ಆಮೇಲೆ ಅವನ ಹೊಟ್ಟೆ ಕುಲುಕಿತು. “ಅಯ್ಯೋ ನನ್ನ ತಾಯೀ! ಗುಂಡಿ ಹಚ್ಚಿದ್ದೀಯಲ್ಲೇ! ಅದು ತಗಡಿಗೂ ಗೆರೆಗೂ ಸೇತುವೆ ಕಟ್ಟಿದೆ. ಕರೆಂಟು ಹೆದರಿ ಬಾಗಿಲು ಹಾಕ್ಕೊಂಡಿದೆ ಅಷ್ಟೇ. ಕೀಳು ಅದನ್ನ, ಕೀಳು!”

“ಸದ್ಯ, ಕಾಜ ಹೊಲಿದಿಲ್ಲ” ಎಂದಳು ನಾದಿನಿ.

ಕಾಲು ಕಿತ್ತು, ಹಲಗೆ ಮತ್ತೆ ಕೂರಿಸಿ, ಸೂಜಿಯಕ್ಕ ಗುಂಡಿ ಒತ್ತಿದಳು. ಫ್ಯಾನು ಮಿಸುಕಿತು; ನಿಲ್ಲಲಿಲ್ಲ. ಡಬ್ಬದೊಳಗಿಂದ ಮರಿಹಕ್ಕಿಯ ಹಾಗೆ ಪೀಂ ಎಂದು ಒಂದೇ ಒಂದು ಕೂಗು ಬಂತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲುಗಟ್ಟಿದವು. ಹೊಸ್ತಿಲಲ್ಲಿದ್ದ ಗುಜರಿಯವನು ತಕ್ಕಡಿ ಬಿಟ್ಟು ಎದ್ದು ನಿಂತ.

“ಈಗ ಡಿಲೀಟ್ ಗುಂಡಿ ಒತ್ತು. ಇದು ಹೊಸ ಮನೆ. ಯಾರು ಯಾರು ಎಲ್ಲೆಲ್ಲಿ ಅಂತ ಹೇಳಿಕೊಡಬೇಕು” ಎಂದ ಮಾವ. ನೀಲಿ ಪರದೆ ಬಂತು, ಎಲ್ಲ ಇಂಗ್ಲಿಷು. ಸೂಜಿಯಕ್ಕ ಇಂಗ್ಲಿಷು ಓದಿದವಳಲ್ಲ. ಯೂನಿಫಾರಮ್ಮಿನ ಜೇಬಿನ ಮೇಲೆ ಹೆಸರು ಹೊಲಿದು ಹೊಲಿದು ಅಕ್ಷರಗಳ ಆಕಾರ ಕಲಿತವಳು. ಮಾವನ ಕನ್ನಡಕಕ್ಕೆ ಆ ಪರದೆ ಮಬ್ಬು. ಅವಳು ಒಂದೊಂದೇ ಅಕ್ಷರ ಹೇಳುವುದು, ಅವನು ಕಣ್ಣು ಮುಚ್ಚಿಕೊಂಡು ಪದ ಕೂಡಿಸುವುದು.

“ಪಿ, ಎ, ಆರ್, ಎ, ಎರಡು ಎಲ್...”

“ಪ್ಯಾರಲಲ್! ಅದೇ, ಅದೇ, ಅಗಲ ಬಾಯಿಯದ್ದು. ಎದುರಿಗೇನಿದೆ?”

“ಡಿ, ಐ, ಎಸ್...”

“ಡಿಸೇಬಲ್ಡ್. ಅಂದ್ರೆ ಬಾಗಿಲು ಮುಚ್ಚಿದೆ. ಎಂಟರ್ ಒತ್ತಿ ತೆರೆ. ಕೆಳಗಿನ ಸಾಲಿನಲ್ಲಿ ಅದರ ಮಾತಿನ ರೀತಿ ಕೇಳುತ್ತೆ, ಎಲ್ಲಕ್ಕಿಂತ ಹಳೆಯದಕ್ಕೆ ಇಡು. ನಮ್ಮ ಮೆಷಿನ್ನಿಗೆ ಹೊಸ ಭಾಷೆ ಬರಲ್ಲ.” ಬಟನ್ನಿನಂಥ ಬ್ಯಾಟರಿ ಹೊಸದು ಹಾಕಿದ್ದರಿಂದ ತಾರೀಖು ಯಾವುದೋ ಕಾಲಕ್ಕೆ ಹೋಗಿತ್ತು, ಅದನ್ನೂ ಇವತ್ತಿಗೆ ತಂದರು. ಬರೆದದ್ದೆಲ್ಲ ಉಳಿದಿರುವ ಹಳೆಯ ಹಾರ್ಡ್ ಡಿಸ್ಕಿನಿಂದ ಮೊದಲು ಎದ್ದೇಳು ಎಂದು ಹೇಳಿದರು. “ಉಳಿಸಿ ಹೊರಗೆ ಬಾ.”

ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ, ಏನೂ ಆಗಿಲ್ಲವೇನೋ ಎಂಬ ಹಾಗೆ, ಹಳೆಯ ಕಸೂತಿ ಪ್ರೋಗ್ರಾಮು ತೆರೆದುಕೊಂಡಿತು. ಅವಳು ಬರೆದ ಹೂಗಳು, ಬಳ್ಳಿಗಳು, ಹಕ್ಕಿಗಳು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ. ಸೂಜಿಯಕ್ಕ ಅರ್ಧ ಹಕ್ಕಿಯನ್ನು ತೆರೆದು, ನಿಂತ ಹೊಲಿಗೆಯ ತನಕ ಮುಂದೆ ಸರಿಸಿ, ಓಡಿಸಿದಳು.

ಆವತ್ತಿನಿಂದ ಮೇಲೆತ್ತಿಯೇ ಇದ್ದ ಸೂಜಿ ಇಳಿಯಿತು. ಟಕ ಟಕ ಟಕ ಎಂದು ಕೋಣೆ ತುಂಬಿತು. ಮುರಿದಂತಿದ್ದ ರೆಕ್ಕೆ ಗರಿ ಗರಿಯಾಗಿ ಬೆಳೆಯುತ್ತ ಹೋಯಿತು. ನಾದಿನಿ ಪ್ಯಾಂಟು ಬದಿಗಿಟ್ಟು ಎದ್ದು ಹತ್ತಿರ ಬಂದಳು. ಗುಜರಿಯವನು ಮೆಲ್ಲಗೆ, “ಇದು ತಗಡು ಅಂತ ನಾನೂ ಎಷ್ಟು ತೂಗಿದ್ದೀನೋ” ಎಂದ. ಹೋಗುವಾಗ ಉಬ್ಬಿದ ಡಬ್ಬಿಗಳ ಹಳೆಯ ಹಲಗೆಯನ್ನು ತೆಗೆದುಕೊಂಡ. ಚೀಲಕ್ಕೆ ಎಸೆಯದೆ ತಲೆವಸ್ತ್ರದಲ್ಲಿ ಸುತ್ತಿಕೊಂಡ.

ಮೆಷಿನ್ನು ನಿಂತ ಮೇಲೆ ಸೂಜಿಯಕ್ಕ ಚೌಕಟ್ಟು ಬಿಚ್ಚಿದಳು.

“ಬೆನ್ನು ಹೇಗಿದೆ?” ಎಂದ ಮಾವ.

ಅವಳು ಬಟ್ಟೆ ತಿರುವಿ ಬೆರಳು ಆಡಿಸಿದಳು. ಎಲ್ಲ ನಯವಾಗಿತ್ತು. ರೆಕ್ಕೆಯ ನಡುವೆ, ನಿಂತು ಮತ್ತೆ ಹೊರಟ ಕಡೆ ಮಾತ್ರ, ಒಂದು ಗಂಟು ತಗುಲಿತು. ನಾದಿನಿ ತಾನಾಗಿಯೇ ಪುಟ್ಟ ಕತ್ತರಿ ಮುಂದೆ ಚಾಚಿದಳು.

ಸೂಜಿಯಕ್ಕ ಕತ್ತರಿಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟಳು. “ಇರಲಿ ಬಿಡೇ” ಎಂದಳು.