ಎಡಗಾಲಿನ ಟೈರು

ಮನುಷ್ಯನ ನಿಜವಾದ ಗುಣ ತಿಳಿಯುವುದು ಏಕಾಂತದಲ್ಲಿ. ನನ್ನದು ತಿಳಿದದ್ದು ಜೈಸಲ್ಮೇರಿನಾಚೆಯ ಮರಳುಗಾಡಿನಲ್ಲಿ, ಬೆಳಕು ಹರಿಯುವ ಹೊತ್ತಿಗೆ, ತಂಬಿಗೆ ಹಿಡಿದು ಮರ ಹುಡುಕುತ್ತಿದ್ದಾಗ.

ಇದೆಲ್ಲ ನೆನಪಾಗಲು ಕಾರಣ ಕಳೆದ ವಾರದ ಮಳೆ. ನಮ್ಮ ಹಳಿಯಾಳದಲ್ಲಿ ಮಳೆ ಹಿಡಿದು ಕೂತರೆ ಬೂಟಿಗೆಲ್ಲ ಬೂಷ್ಟು ಬರುತ್ತದೆ. ಹೆಂಡತಿ ಗಿರಿಜಾ ನನ್ನ ಹಳೆಯ ಎಡಬೂಟನ್ನು ಕಟ್ಟೆಗೆ ಬಡಿದಾಗ ಒಂದು ಚಮಚದಷ್ಟು ಹಳದಿ ಮರಳು ಉದುರಿತು.

“ಇದು ನಮ್ಮ ಕಡೀ ಉಸುಕಲ್ಲ,” ಎಂದಳು.

ಆ ಬೂಟಿನ ಚರಿತ್ರೆ ಹೇಳಬೇಕು. ನಾನು ನಿವೃತ್ತ ಮಾಸ್ತರ. ಹೋದ ವರ್ಷ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು “ದಿನಾ ನಡೀರಿ” ಎಂದರು. ಅವರ ಮನಸ್ಸಿನಲ್ಲಿದ್ದದ್ದು ಬಸ್ ಸ್ಟ್ಯಾಂಡ್. ನನ್ನ ಮನಸ್ಸಿನಲ್ಲಿದ್ದದ್ದು ರಾಜಸ್ಥಾನ. ಜೊತೆಗೆ ಹೊರಟವನು ದಾಂಡೇಲಿಯ ಹಸನ್, ಸ್ಕೂಟರ್ ಮೆಕ್ಯಾನಿಕ್, ನನ್ನ ಹಳೆಯ ಗೆಳೆಯ. ಇಬ್ಬರೂ ಅಣಶಿಯ ಕಾಡು ಅಲೆದವರು. ಹಾಗಾಗಿ ಮರಳುಗಾಡೆಂದರೆ ಮರವಿಲ್ಲದ ಕಾಡು, ಅಷ್ಟೇ ಎಂದುಕೊಂಡಿದ್ದೆವು.

ಗಿರಿಜಾ ಷರತ್ತು ಹಾಕಿದಳು: “ಹಸನಣ್ಣನ ಕಣ್ಣು ತಪ್ಪಿಸಿ ಒಂದ ಹೆಜ್ಜಿ ಇಟ್ರಿ ಅಂದ್ರ ನಿಮ್ಮ ತಿರುಗಾಟ ಅಲ್ಲಿಗೇ ಮುಗೀತು. ಆಮ್ಯಾಲೆ ಅಂಗಳದಾಗ ಅಡ್ಡಾಡ್ರಿ.”

“ಅಕ್ಕಾರ, ಜಿಮ್ಮೇದಾರಿ ನಂದು,” ಎಂದು ಹಸನ್ ಎದೆ ಮುಟ್ಟಿಕೊಂಡ.

ಹೊರಡುವ ಹಿಂದಿನ ದಿನ ಎಡಬೂಟಿನ ಅಟ್ಟೆ ಬಾಯಿಬಿಟ್ಟಿತು. ಹೊಸದು ಕೊಳ್ಳುವ ಮಾತನ್ನು ಹಸನ್ ತನ್ನ ವೃತ್ತಿಗಾದ ಅವಮಾನವೆಂದು ತಿಳಿದು, ಹಳೆಯ ಸ್ಕೂಟರ್ ಟೈರಿನ ತುಂಡು ಕತ್ತರಿಸಿ ಮೊಳೆ ಹೊಡೆದ. ಮರಳುಗಾಡು ತಲುಪಿದ ಮೇಲೆ, ನಮ್ಮ ಚಾರಣದ ತಂಡದ ಡೇರೆಗಳ ಮುಂದೆ, ಹೊಸ ಬೂಟಿನ ಹುಡುಗರ ಎದುರು ನಾನು ಎಡಗಾಲನ್ನು ಬಲಗಾಲಿನ ಹಿಂದೆ ಬಚ್ಚಿಟ್ಟುಕೊಂಡೇ ಕೂರುತ್ತಿದ್ದೆ.

ಈಗ ಮರದ ವಿಷಯ. ಅಣಶಿಯಲ್ಲಿ ಹತ್ತು ಹೆಜ್ಜೆ ಸರಿದರೆ ಮರ್ಯಾದೆಗೆ ಬೇಕಾದಷ್ಟು ಮರೆ. ಇಲ್ಲಿ ದಿಬ್ಬ ದಾಟಿದರೂ ಡೇರೆಯ ತುದಿ ಇಣುಕುತ್ತಿತ್ತು. ಹಸನ್ ನಮಾಜಿನಲ್ಲಿದ್ದ, ಕರೆಯುವುದು ಸರಿಯಲ್ಲ. ಮಾನವಂತನಾದ ನಾನು ಇನ್ನೊಂದು, ಮತ್ತೊಂದು ಎನ್ನುತ್ತ ಐದು ದಿಬ್ಬ ದಾಟಿದೆ. ಕಾರ್ಯ ಮುಗಿಸಿ ಎದ್ದು ನೋಡಿದರೆ ಸುತ್ತಲೂ ದಿಬ್ಬಗಳು, ಎಲ್ಲವೂ ಒಂದೇ ಅಚ್ಚಿನವು.

ಕಾಡಿನಲ್ಲಿ ದಾರಿ ತಪ್ಪಿದರೆ ‘ಕೂ’ ಹಾಕುತ್ತೇವೆ. ಹಾಕಿದೆ. ನಮ್ಮಲ್ಲಾದರೆ ಗುಡ್ಡ ತಿರುಗಿ ಕೂಗುತ್ತದೆ, ಕೊನೆಗೆ ಮಂಗವಾದರೂ ಓಗೊಡುತ್ತದೆ. ಈ ಮರಳು ಕೂಗನ್ನೇ ನುಂಗಿ ಸುಮ್ಮನಾಯಿತು. ಗುರುತಿಗೆ ಮುರಿದ ಟೊಂಗೆ ಹುಡುಕಿದೆ. ಮುರಿಯಲು ಒಂದು ಕಡ್ಡಿಯಾದರೂ ಇರಬೇಕಲ್ಲ! ತಂಬಿಗೆ ಖಾಲಿ, ಎದೆಯ ಮಾತ್ರೆ ಡೇರೆಯಲ್ಲಿ, ಬಿಸಿಲು ನೆತ್ತಿಯ ಕಡೆ ಹೊರಟಿತ್ತು. ನೀವು ನಗಬೇಡಿ, ನನಗೆ ಹೆದರಿಕೆಯಾಯಿತು. ಸಾವಿಗಿಂತ ತುಸು ಹೆಚ್ಚಾಗಿ ಗಿರಿಜಾ ಹೇಳಿದ ಆ ಅಂಗಳಕ್ಕೆ.

ಕಾಲು ಸೋತು ಕುಳಿತಾಗ ಕಂಡಿತು: ದಿಬ್ಬದ ಮೈಮೇಲೆ ಸ್ಕೂಟರ್ ಟೈರಿನ ಗುರುತು. ಒಂದು ತುಂಡು ಟೈರು, ಒಂದು ಸಾದಾ ಹೆಜ್ಜೆ, ಮತ್ತೆ ಟೈರು. ಇಲ್ಲಿಗೂ ಸ್ಕೂಟರ್ ಬರುತ್ತದಲ್ಲ ಎಂದು ಸಂತೋಷಪಟ್ಟೆ. ಆ ಸ್ಕೂಟರ್ ನಾನೇ ಎಂದು ತಿಳಿಯಲು ಕೊಂಚ ಹೊತ್ತು ಬೇಕಾಯಿತು. ತರಗೆಲೆಯ ಮೇಲೆ ತಿರುಗಿದವನಿಗೆ ತನ್ನ ಹೆಜ್ಜೆ ಹಿಂದೆ ಉಳಿದೀತೆಂದು ತಿರುಗಿ ನೋಡುವ ರೂಢಿಯೇ ಇರುವುದಿಲ್ಲ. ಗಾಳಿ ಆಗಲೇ ಅಂಚುಗಳನ್ನು ತಿನ್ನತೊಡಗಿತ್ತು. ಬಲಗಾಲಿನ ಹೆಜ್ಜೆ ಮಾಸುತ್ತಿತ್ತು. ಟೈರು ಮಾತ್ರ ಗಟ್ಟಿಯಾಗಿ ಕೂತಿತ್ತು. ಎದ್ದು ನಡೆದೆ. ಮೂರನೆಯ ದಿಬ್ಬದಲ್ಲಿ, ಅದೇ ಗುರುತಿನ ಮೇಲೆ ಬಗ್ಗಿಕೊಂಡು ಬರುತ್ತಿದ್ದ ಹಸನ್ ಎದುರಾದ. ಕೈಯಲ್ಲಿ ನೀರು, ಮಾತ್ರೆ.

“ಯಾ ಅಲ್ಲಾ! ಮಾಸ್ತರ್ರ, ಬೈಲಕಡಿಗೆ ಹೊಂಟಿದ್ರೇನು, ಪಾಕಿಸ್ತಾನಕ್ಕ ಹೊಂಟಿದ್ರೇನ್ರಿ?”

“ಅಕಿಗೆ ಹೇಳಬ್ಯಾಡೋ ಹಸನ್.”

“ನಾನಾಗಿ ಹೇಳೂದಿಲ್ರಿ. ಅಕ್ಕಾರ ಕೇಳಿದ್ರ ಸುಳ್ಳ ಹೇಳಂಗಿಲ್ಲ.”

ಏಳು ತಿಂಗಳು ಯಾರೂ ಕೇಳಲಿಲ್ಲ. ಕಳೆದ ವಾರ ಆ ಚಮಚ ಮರಳು ಕೇಳಿತು. ಗಿರಿಜಾ ಬೂಟು ಹಿಡಿದು ಅದರ ಕಥೆಗಾಗಿ ಕಾಯುತ್ತಿದ್ದಳು. ಎಲ್ಲ ಹೇಳಿದೆ, ಐದು ದಿಬ್ಬಗಳನ್ನೂ.

“ಅಂದ್ರ ಕಣ್ಣು ತಪ್ಪಿಸಿ ಹೋದ್ರಿ.”

ನಾನು ಮಳೆ ಬೀಳುತ್ತಿದ್ದ ಅಂಗಳವನ್ನು ನೋಡಿದೆ. ಇನ್ನು ಅದೇ ನನ್ನ ರಾಜಸ್ಥಾನ.

ಅವಳು ಟೈರಿನ ಅಚ್ಚನ್ನು ಬೆರಳಿನಿಂದ ಬಹಳ ಹೊತ್ತು ಸವರಿದಳು. “ತಿರುಗಿ ಬರಾಕ ದಾರಿ ನೀವ ಹುಡುಕಿದ್ರಲ್ಲ,” ಎಂದಳು. ಆಮೇಲೆ, “ಹಸನಣ್ಣನ ಎರಡ ಕಣ್ಣು ನಿಮಗ ಸಾಲೂದಿಲ್ಲ. ನಾನೂ ಬರ್ತೇನಿ.”

ನಿನ್ನೆ ದಾಂಡೇಲಿಗೆ ಹೋಗಿ ಅವಳ ಹೊಸ ಬೂಟಿಗೂ ಟೈರು ಹೊಡೆಸಿದೆವು. ಇಬ್ಬರ ಗುರುತು ಬೆರೆತುಹೋಗಬಾರದೆಂದು ಅವಳದು ಬಲಗಾಲಿಗೆ. ಡಿಸೆಂಬರಿಗೆ ರಾಜಸ್ಥಾನಕ್ಕೆ ಮೂರು ಟಿಕೆಟ್ ಆಗಿವೆ.