ಅಳೆಯುವ ಮೊದಲು ಬರೆದ ಚೀಟಿ

ನನ್ನ ಮೊಮ್ಮಗಳ ಲೆಕ್ಕ ಸರಿಹೋಯಿತು! ನಿನ್ನೆ ಮಧ್ಯಾಹ್ನ ಅವಳು ಫೋನಿನಲ್ಲಿ ಹೇಳಿದ ಅಂಕಿಗೂ ನನ್ನ ಮೆಂತ್ಯದ ಡಬ್ಬಿಯಲ್ಲಿದ್ದ ಚೀಟಿಗೂ ತಾಳೆಯಾಯಿತು. ಚೀಟಿ ತೆಗೆಯುವ ಅವಸರದಲ್ಲಿ ಅರ್ಧ ಮೆಂತ್ಯ ಅಡುಗೆಮನೆ ತುಂಬ ಚೆಲ್ಲಿತು. ಚೆಲ್ಲಲಿ ಬಿಡಿ.

ಆ ಮಡಿಸಿದ ಚೀಟಿ ಅಂಗೈಗೆ ಬಂದ ಕೂಡಲೇ ರೇಡಿಯೋ ರಿಪೇರಿಯವರು ನೆನಪಾದರು. ಅರಸೀಕೆರೆ ಸ್ಟೇಷನ್ ದಾರಿಯಲ್ಲಿ, ಕೊಬ್ಬರಿ ಮಂಡಿಯ ಪಕ್ಕ ಅವರ ಅಂಗಡಿ. ಆಗ ರೇಡಿಯೋ ಒಳಗೆ ಗಾಜಿನ ವಾಲ್ವುಗಳಿದ್ದವು, ಬಿಸಿಯಾದರೆ ಕೆಂಪಗೆ ಮಿನುಗುತ್ತಿದ್ದವು. ಸುಟ್ಟ ಧೂಳು, ಬೆಸುಗೆಯ ಹೊಗೆ, ಕೊಬ್ಬರಿ... ಮೂರೂ ಬೆರೆತ ಆ ವಾಸನೆ ಈಗ ಎಲ್ಲೂ ಇಲ್ಲ.

ಅವರದೊಂದು ಪದ್ಧತಿಯಿತ್ತು. ಮೀಟರ್ ಇಡುವ ಮೊದಲೇ ಮುಳ್ಳು ಎಲ್ಲಿ ನಿಲ್ಲಬೇಕೆಂದು ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದು, ಮಡಿಸಿ ಗಿರಾಕಿಯ ಕೈಗೇ ಕೊಡುತ್ತಿದ್ದರು. ಆಮೇಲೆ ಅಳೆಯುವುದು. ಎರಡೂ ಹೊಂದಿದರಷ್ಟೇ ಪೆಟ್ಟಿಗೆ ಮುಚ್ಚುವುದು. ನಾದಿನಿಯ ನಿಶ್ಚಿತಾರ್ಥದ ಹಿಂದಿನ ದಿನ ನಮ್ಮ ರೇಡಿಯೋ ಚೆನ್ನಾಗಿಯೇ ಹಾಡಿತು, ಚೀಟಿ ಮಾತ್ರ ಹೊಂದಲಿಲ್ಲ.

"ಹಾಡ್ತಾ ಐತಲ್ಲಣ್ಣ, ಕೊಟ್ಬಿಡಿ" ಎಂದು ರೇಗಿದೆ.

"ಹಾಡ್ತಾ ಐತೆ ಕಣಕ್ಕ. ಯಾಕೆ ಹಾಡ್ತಾ ಐತೆ ಅಂತ ನಂಗೇ ಗೊತ್ತಿಲ್ಲ."

ಕೊಡಲಿಲ್ಲ. ರೇಡಿಯೋ ಇಲ್ಲದೆಯೇ ನಿಶ್ಚಿತಾರ್ಥ ಮುಗಿಯಿತು, ನಾನು ಬೈದದ್ದು ಬೈದದ್ದೇ. ಎರಡು ದಿನದ ಮೇಲೆ ಕರೆದು, ತಾವೇ ಒಂದು ಕಡೆ ತಪ್ಪು ತಿಳಿದಿದ್ದನ್ನು ತೋರಿಸಿ, ಹೊಸ ಚೀಟಿ ಕೈಗಿಟ್ಟು, ಅದುವರೆಗೆ ಅಳೆಯದ ಜಾಗಕ್ಕೆ ಮೀಟರ್ ಇಟ್ಟರು. ಹೊಂದಿತು. ಅವರ ಮುಖ ನೋಡಬೇಕಿತ್ತು... ಮಗು ನಕ್ಕ ಹಾಗೆ!

ಮೊಮ್ಮಗಳದೂ ವಾಲ್ವಿನ ಕೆಲಸವೇ. ಉಪಗ್ರಹದೊಳಗೆ ಕೂರುವ, ಗಾಳಿ ತೆಗೆದ ಕೊಳವೆ ಅದು. ಸೊರಗಿದ ರೇಡಿಯೋ ಅಲೆ ಅದರೊಳಗೆ ಹೊಕ್ಕು ಬಲವಾಗಿ ಹೊರಬರುತ್ತದಂತೆ. ಎಷ್ಟು ಬಲ ಬರುತ್ತದೆಂದು ಮೊದಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವವಳು ಇವಳು. ಒಂದು ಕೊಳವೆಗೆ ಹೊಂದಿದ ಲೆಕ್ಕ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಈ ಸಲವೂ ತಪ್ಪಿದರೆ ಎರಡು ವರ್ಷದ ಕೆಲಸ ಕೈಬಿಡಬೇಕೆಂದು ಮೇಲಿನವರು ಹೇಳಿದ್ದರು. ಹೋದ ತಿಂಗಳು ಬಂದವಳು ಊಟ ಬಿಟ್ಟು ಕೂತಿದ್ದಳು. ಅಳತೆ ನೋಡಿಕೊಂಡು ಲೆಕ್ಕ ತಿದ್ದುತ್ತೀಯಾ ಎಂದು ಕೇಳಿದೆ. ತಲೆ ತಗ್ಗಿಸಿದಳು.

"ನೋಡಿದ್ಮೇಲೆ ತಿದ್ದಿದ್ರೆ ಯಾರ್ದಾದ್ರೂ ಸರಿಹೋಗುತ್ತೆ ಕಣೇ" ಎಂದು ರಿಪೇರಿಯವರ ಸಂಗತಿಯನ್ನೆಲ್ಲ ಹೇಳಿದೆ.

ಹೋದವಳು ಹಳೆಯ ತಿದ್ದುಪಡಿಗಳನ್ನೆಲ್ಲ ಅಳಿಸಿದಳಂತೆ. ಹೊಸ ಕೊಳವೆಯ ಒಳಗಿನ ಸುರುಳಿ ತಂತಿಯನ್ನು, ಮುಚ್ಚುವ ಮೊದಲು, ತಾನೇ ಅಳೆದು ಲೆಕ್ಕ ಹಾಕಿದಳು. ಕೊಳವೆ ಪರೀಕ್ಷೆಗೆ ಹೋಗುವ ಮುನ್ನ ಬಂದು ಚೀಟಿಯನ್ನು ನನ್ನ ಡಬ್ಬಿಗೆ ಹಾಕಿ ಹೋದಳು.

"ಅಜ್ಜಿ, ಮೀಟ್ರು ನಲವತ್ತೊಂದೂವರೆ ತೋರಿಸ್ತು. ಈಗ ನೀನು ಓದು" ಎಂದಳು ನಿನ್ನೆ.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನಲವತ್ತೆರಡು. ಒಂದು ಆಚೀಚೆ ಆದರೆ ಸರಿ ಎಂದೂ ಅದರಲ್ಲೇ ಬರೆದಿದ್ದಳು.

ಆ ಕಡೆ ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಈ ಕಡೆ ನನಗೂ ಹಾಗೇ.

ರಿಪೇರಿಯವರು ಹೋಗಿ ಎಷ್ಟೋ ವರ್ಷವಾಯಿತು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ನೇತುಹಾಕಿದ್ದಾರೆ. ಈ ಚೀಟಿಯನ್ನು ಅವರಿಗೆ ತೋರಿಸಬೇಕಿತ್ತು... ಅಂದು ಬೈದದ್ದಕ್ಕೆ ಒಂದು ಮಾತು ಹೇಳಬೇಕಿತ್ತು.

ನಿನ್ನೆ ಸಂಜೆಯ ರೈಲಿಗೇ ಮೊಮ್ಮಗಳು ಬಂದಳು. ಕಾಯಿ ಹೋಳಿಗೆ ಮಾಡಿದ್ದೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತೆವು, ಕಾಲಿಗೆ ಇನ್ನೂ ಮೆಂತ್ಯ ಚುಚ್ಚುತ್ತಿತ್ತು. ಅವಳು ಎಷ್ಟು ಹೋಳಿಗೆ ತಿನ್ನುತ್ತಾಳೆಂದು ಅವಳಪ್ಪ, ನನ್ನ ಮಗ, ಮೊದಲೇ ಚೀಟಿ ಬರೆದು ನನ್ನ ಕೈಗಿಟ್ಟ. ಅವಳು ಮೂರಕ್ಕೆ ಸಾಕೆಂದಳು. ಬಿಡಿಸಿ ನೋಡಿದರೆ ನಾಲ್ಕು. ಅವನು ಮೆಲ್ಲಗೆ ಇನ್ನೊಂದು ಹೋಳಿಗೆಯನ್ನು ಅವಳ ಎಲೆಗೆ ಜಾರಿಸಿದ.

"ನೋಡಿದ್ಮೇಲೆ ತಿದ್ದಂಗಿಲ್ಲ ಕಣೋ" ಎಂದು ಅದನ್ನು ಎತ್ತಿ ನಾನೇ ತಿಂದೆ.